ಟ್ಯಾಂಪಾದ ಬರ್ನ್ಸ್ ಸ್ಟೇಕ್ ಹೌಸ್: ಐದು ಲಕ್ಷ ಬಾಟಲಿಗಳ ನಡುವೆ ನಮ್ಮ ಮದುವೆಯ ವರ್ಷದ ವೈನ್ ಆರಿಸುವುದು ಹೇಗೆ?

ಕಾಳಿತೀರ, ಕಾರವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಬರುವ ಫೆಬ್ರವರಿಯಲ್ಲಿ ನಾನೂ ನನ್ನ ಪತ್ನಿಯೂ ಅಮೆರಿಕದ ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಲಿದ್ದೇವೆ. ಅವಳಿರುವುದು ಟ್ಯಾಂಪಾ ನಗರದಲ್ಲಿ. ನಮ್ಮ ಮದುವೆಯ ದಿನವೂ ಅದೇ ತಿಂಗಳಲ್ಲಿ ಬರುವುದರಿಂದ ಮಗಳು ಮತ್ತು ಅಳಿಯ ನಮ್ಮನ್ನು ಅಲ್ಲಿಯ ಬರ್ನ್ಸ್ ಸ್ಟೇಕ್ ಹೌಸ್‌ಗೆ ರಾತ್ರಿಯೂಟಕ್ಕೆ ಕರೆದೊಯ್ಯುವುದಾಗಿ ಹೇಳಿದ್ದಾರೆ. 1956ರಲ್ಲಿ ಬರ್ನ್ ಲ್ಯಾಕ್ಸರ್ ಮತ್ತು ಅವರ ಪತ್ನಿ ಗರ್ಟ್ ಆರಂಭಿಸಿದ ಈ ಹೋಟೆಲಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ವೈನ್ ಬಾಟಲಿಗಳಿವೆಯೆಂದೂ, ಒಂದು ಹೋಟೆಲಿನ ಸ್ವಂತ ಸಂಗ್ರಹವಾಗಿ ಜಗತ್ತಿನ ಅತಿ ದೊಡ್ಡವುಗಳಲ್ಲಿ ಅದೂ ಒಂದೆಂದೂ ಅಳಿಯ ಹೇಳಿದಾಗಿನಿಂದ ನನ್ನ ಕುತೂಹಲ ಹೆಚ್ಚಿದೆ. ಅದರ ಜೊತೆಗೆ ಸ್ವಲ್ಪ ಅಳುಕೂ ಇದೆ.

ನಾನು ಮೀನು, ಮಾಂಸ ಎಲ್ಲವನ್ನೂ ತಿನ್ನುವವನು. ಮಾಜಾಳಿ ದಾಟಿದರೆ ಗೋವಾ ಆದ್ದರಿಂದ ಕಾಣಕೋಣ, ಮಡಗಾಂವ ಕಡೆಯ ಹೋಟೆಲುಗಳಲ್ಲಿ ಬೀಫ್ ಸ್ಟೇಕ್ ತಿಂದ ರೂಢಿಯಿದೆ. ಆದರೆ ನನಗೆ ಅಲ್ಲಿ ಸಿಕ್ಕಿದ್ದೆಲ್ಲ ಪೂರ್ತಿ ಬೆಂದ ತೆಳ್ಳಗಿನ ತುಂಡು, ಮೇಲೆ ಅಣಬೆಯ ಅಥವಾ ಕಾಳುಮೆಣಸಿನ ಸಾಸ್. ಟ್ಯಾಂಪಾದಲ್ಲಿ ಯಾವ ಭಾಗದ ಮಾಂಸ, ಎಷ್ಟು ದಪ್ಪ, ಎಷ್ಟು ಬೇಯಬೇಕು ಎಂಬುದನ್ನೆಲ್ಲ ನಾವೇ ಹೇಳಬೇಕಂತೆ. ಇದನ್ನು ತಿಳಿದವರು ಸ್ವಲ್ಪ ವಿವರಿಸಿದರೆ ಉಪಕಾರವಾಗುತ್ತದೆ.

ವೈನ್ ವಿಷಯದಲ್ಲಿ ನನ್ನ ತಿಳಿವಳಿಕೆ ಇನ್ನೂ ಕಡಿಮೆ. ಗೋವಾದ ಸಿಹಿ ಪೋರ್ಟ್, ಅಪರೂಪಕ್ಕೊಮ್ಮೆ ನಾಸಿಕದ ಕೆಂಪು ವೈನ್, ಅಷ್ಟೇ. ನಮ್ಮ ಮದುವೆಯಾದದ್ದು 1991ರಲ್ಲಿ. ಆ ವರ್ಷದ ದ್ರಾಕ್ಷಿಯಿಂದ ತಯಾರಾದ ವೈನನ್ನು ಅಂದು ಒಟ್ಟಿಗೆ ಕುಡಿಯಬೇಕೆಂಬ ಆಸೆ ನನ್ನದು. ಅಷ್ಟು ಹಳೆಯದು ಈಗಲೂ ಕುಡಿಯಲು ಯೋಗ್ಯವಾಗಿರುತ್ತದೆಯೇ? ಯಾವ ಪ್ರದೇಶದ್ದನ್ನು ಕೇಳಬೇಕು? ಬಿಲ್ ಕೊಡುವವರು ಮಕ್ಕಳಾದ್ದರಿಂದ ಅವರಿಗೆ ಹೊರೆಯಾಗಬಾರದು, ಹಾಗೆಂದು ಅಲ್ಲಿಯವರೆಗೆ ಹೋಗಿ ಆ ಜಾಗದ ವಿಶೇಷವನ್ನು ಸವಿಯದೆ ಮರಳಿದಂತೆಯೂ ಆಗಬಾರದು.

ಕೊನೆಯದಾಗಿ ಒಂದು ಮಾತು. ಪತ್ನಿ ಶಿರಸಿ ಕಡೆಯವಳು, ಹುಟ್ಟು ಸಸ್ಯಾಹಾರಿ. ಮೊಟ್ಟೆ ಕೇಕಿನಲ್ಲೋ ಐಸ್‌ಕ್ರೀಮಿನಲ್ಲೋ ಇದ್ದರೆ ಒಪ್ಪುತ್ತಾಳೆ, ವೈನನ್ನು ಒಂದೆರಡು ಗುಟುಕು ಕುಡಿಯುತ್ತಾಳೆ. ಆ ಸಂಜೆ ಅವಳ ಪಾಲಿಗೆ ಉಳಿದವರು ಉಣ್ಣುವುದನ್ನು ನೋಡುತ್ತ ಕೂರುವ ಸಂಜೆಯಾಗಬಾರದು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ಗ್ಯಾಲಿಯ ಬಾಣಸಿಗ, ಅಂಕೋಲಾ

ಕಾಳಿತೀರ ಅವರಿಗೆ ಶುಭಾಶಯಗಳು.

ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ, ಅದರಲ್ಲೂ ಗ್ರಿಲ್ ವಿಭಾಗದಲ್ಲಿ, ನಾನು ಬಹುಕಾಲ ಕೆಲಸ ಮಾಡಿದ್ದೇನೆ. ಟ್ಯಾಂಪಾ ಅಂಥ ಹಡಗುಗಳು ಹೊರಡುವ ಬಂದರಾದ್ದರಿಂದ ಹೊವರ್ಡ್ ಅವೆನ್ಯೂದಲ್ಲಿರುವ ಈ ಹೋಟೆಲನ್ನು ಕಂಡಿದ್ದೇನೆ. ಹೊರಗಿನಿಂದ ಅದು ಯಾವ ಆಡಂಬರವೂ ಇಲ್ಲದ ಬಿಳಿ ಕಟ್ಟಡ. ಒಳಗೆ ಹೋದರೆ ಕೆಂಪು ಗೋಡೆಗಳು, ಚಿನ್ನದ ಬಣ್ಣದ ದಪ್ಪ ಚೌಕಟ್ಟಿನ ಚಿತ್ರಗಳು, ಮಬ್ಬು ಬೆಳಕು. ಅಲಂಕಾರವನ್ನು ನೋಡಿ ಅಳುಕಬೇಕಾಗಿಲ್ಲ. ಅಲ್ಲಿಯ ವೇಟರುಗಳು ಟೇಬಲ್ಲಿಗೆ ಬರುವ ಮೊದಲು ಅಡುಗೆಮನೆಯ ಬೇರೆ ಬೇರೆ ವಿಭಾಗಗಳಲ್ಲಿ ತಿಂಗಳುಗಟ್ಟಲೆ ದುಡಿದು ಕಲಿತವರು. ನೀವು ಕೇಳಿದ ಪ್ರಶ್ನೆಗೆಲ್ಲ ತಾಳ್ಮೆಯಿಂದ ಉತ್ತರಿಸುತ್ತಾರೆ.

ಈಗ ಮಾಂಸದ ವಿಷಯ. ಫಿಲೆ ಮಿನ್ಯೋನ್ ಮತ್ತು ಶಾಟೋಬ್ರಿಯಾಂಡ್ ಎರಡೂ ಟೆಂಡರ್‌ಲಾಯಿನ್‌ನಿಂದ, ಅಂದರೆ ಬೆನ್ನುಮೂಳೆಯ ಒಳಬದಿಗೆ ಅಂಟಿಕೊಂಡ ಸ್ನಾಯುವಿನಿಂದ ಬರುತ್ತವೆ. ಪ್ರಾಣಿ ನಡೆದಾಡುವಾಗ ಆ ಸ್ನಾಯುವಿಗೆ ಹೆಚ್ಚು ಕೆಲಸವಿಲ್ಲ. ಹಾಗಾಗಿ ಅದು ಬಹಳ ಮೆದು, ಆದರೆ ಕೊಬ್ಬು ಕಡಿಮೆಯಿರುವುದರಿಂದ ರುಚಿಯೂ ಸೌಮ್ಯ. ಸ್ಟ್ರಿಪ್ ಸರ್ಲಾಯಿನ್ ಬೆನ್ನಿನ ಮೇಲ್ಭಾಗದ್ದು. ಸ್ವಲ್ಪ ಅಗಿಯಬೇಕಾಗುತ್ತದೆ, ಆದರೆ ಮಾಂಸದ ರುಚಿ ಗಾಢವಾಗಿರುತ್ತದೆ. ಡೆಲ್ಮಾನಿಕೊ ಎಂಬ ಹೆಸರಿನಲ್ಲಿ ಕೊಡುವುದು ರಿಬ್‌ಐ ಭಾಗವನ್ನು, ಅದರ ನಡುನಡುವೆ ಕೊಬ್ಬು ಧಾರಾಳ. ಪೋರ್ಟರ್‌ಹೌಸ್ ಮತ್ತು ಟಿ-ಬೋನ್‌ಗಳಲ್ಲಿ ಮೂಳೆಯ ಒಂದು ಬದಿಗೆ ಸ್ಟ್ರಿಪ್, ಇನ್ನೊಂದು ಬದಿಗೆ ಟೆಂಡರ್‌ಲಾಯಿನ್ ಇರುತ್ತದೆ. ಪೋರ್ಟರ್‌ಹೌಸ್‌ನಲ್ಲಿ ಟೆಂಡರ್‌ಲಾಯಿನ್ ಪಾಲು ದೊಡ್ಡದು. ಈ ಹೋಟೆಲಿನ ಮೆನುವಿನಲ್ಲಿ ಪ್ರತಿಯೊಂದಕ್ಕೂ ದಪ್ಪ ಮತ್ತು ತೂಕದ ಪಟ್ಟಿ ಕೊಟ್ಟಿರುತ್ತಾರೆ, ನೀವು ಹೇಳಿದ ಮೇಲೆಯೇ ಕತ್ತರಿಸುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ನೀವೂ ಅಳಿಯನೂ ಸೇರಿ ದಪ್ಪನೆಯ ಒಂದೇ ಸ್ಟ್ರಿಪ್ ಸರ್ಲಾಯಿನ್ ತರಿಸಿ ಹಂಚಿಕೊಳ್ಳಿ. ತಲಾ ಒಂದೊಂದು ತೆಳುವಾದ ತುಂಡಿಗಿಂತ ಅದು ಎಷ್ಟೋ ಮೇಲು. ಉರಿ ತಾಗಿದ ಮೇಲ್ಮೈ 140 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಾಂಸದ ಪ್ರೋಟೀನು ಮತ್ತು ಸಕ್ಕರೆಗಳು ಸೇರಿ ಕಂದು ಬಣ್ಣದ ಪರಿಮಳದ ಹೊರಪದರ ಕಟ್ಟುತ್ತದೆ. ಇದನ್ನು ಮಯ್ಯಾರ್ ಕ್ರಿಯೆ ಎನ್ನುತ್ತಾರೆ. ತುಂಡು ತೆಳ್ಳಗಿದ್ದರೆ ಆ ಪದರ ಕಟ್ಟುವಷ್ಟರಲ್ಲಿ ಒಳಗೆಲ್ಲ ಬೆಂದು ಒಣಗಿರುತ್ತದೆ. ದಪ್ಪಗಿದ್ದರೆ ಹೊರಗೆ ಗರಿ, ಒಳಗೆ ರಸ, ಎರಡೂ ಸಿಗುತ್ತವೆ. ನೀವು ಈವರೆಗೆ ತಿಂದ ಸ್ಟೇಕ್ ಏಕೆ ಪೂರ್ತಿ ಬೆಂದಿತ್ತು ಎಂಬುದಕ್ಕೂ ಕಾರಣ ಅದರ ದಪ್ಪವೇ.

ಬೇಯುವ ಹದವನ್ನು ಅಡುಗೆಯವರು ತುಂಡಿನ ನಡುಭಾಗದ ಶಾಖದಿಂದ ಅಳೆಯುತ್ತಾರೆ. ಸುಮಾರು 50 ಡಿಗ್ರಿಗೆ ರೇರ್, 55ರ ಆಸುಪಾಸಿನಲ್ಲಿ ಮೀಡಿಯಂ ರೇರ್, 60ರ ಮೇಲೆ ಮೀಡಿಯಂ, 70 ದಾಟಿದರೆ ವೆಲ್ ಡನ್. ಅಮೆರಿಕದ ಕೃಷಿ ಇಲಾಖೆ ಸುರಕ್ಷತೆಯ ದೃಷ್ಟಿಯಿಂದ ಹೇಳುವುದು 63 ಡಿಗ್ರಿ ಮತ್ತು ಆಮೇಲೆ ಮೂರು ನಿಮಿಷದ ವಿಶ್ರಾಂತಿ. ಮೊದಲ ಸಲಕ್ಕೆ ಮೀಡಿಯಂ ರೇರ್ ಕೇಳಿ. ಮನಸ್ಸು ಒಪ್ಪದಿದ್ದರೆ ಅಥವಾ ಆರೋಗ್ಯದ ಕಾರಣವಿದ್ದರೆ ಮೀಡಿಯಂ ಕೇಳಿ, ಅದರಲ್ಲಿ ಸಂಕೋಚವೇನೂ ಬೇಡ. ತಟ್ಟೆಯಲ್ಲಿ ಕೆಂಪು ರಸ ಕಂಡು ನಮ್ಮ ಜನ ರಕ್ತವೆಂದು ಹಿಂಜರಿಯುತ್ತಾರೆ. ಅದು ರಕ್ತವಲ್ಲ. ಸ್ನಾಯುವಿನೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನು ನೀರಿನೊಂದಿಗೆ ಬೆರೆತು ಬಂದ ಬಣ್ಣ.

ಡ್ರೈ ಏಜಿಂಗ್ ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಮಾಂಸವನ್ನು ಹೆಪ್ಪುಗಟ್ಟದಷ್ಟು ತಂಪಿನಲ್ಲಿ, ಗಾಳಿಯಾಡುವಂತೆ, ವಾರಗಟ್ಟಲೆ ಇಡುತ್ತಾರೆ. ಅದರೊಳಗಿನ ಕಿಣ್ವಗಳೇ ನಾರನ್ನು ಸಡಿಲಿಸುತ್ತವೆ, ನೀರಿನಂಶ ಆವಿಯಾಗಿ ರುಚಿ ಸಾಂದ್ರವಾಗುತ್ತದೆ. ಒಣಗಿದ ಹೊರಪದರವನ್ನು ಕತ್ತರಿಸಿ ತೆಗೆಯಬೇಕಾಗುವುದರಿಂದ ತೂಕ ನಷ್ಟವಾಗಿ ಬೆಲೆ ಏರುತ್ತದೆ.

ಸಾಸ್ ಬಗ್ಗೆ ಒಂದೇ ಮಾತು: ಮೊದಲ ತುತ್ತುಗಳನ್ನು ಬರೀ ಉಪ್ಪಿನ ಮೇಲೆ ತಿನ್ನಿ. ಶಿರಸಿ ಸೀಮೆಯ ಕಾಳುಮೆಣಸನ್ನು ಬಲ್ಲ ಮನೆಯವರಾದ್ದರಿಂದ ಇದನ್ನೂ ಸೇರಿಸುತ್ತೇನೆ. ಮೆಣಸು ಜೋರು ಉರಿಯಲ್ಲಿ ಸುಟ್ಟರೆ ಕಹಿಯಾಗುತ್ತದೆ, ಆದ್ದರಿಂದ ಬೇಕಿದ್ದರೆ ತಟ್ಟೆಗೆ ಬಂದ ಮೇಲೆ ಪುಡಿ ಮಾಡಿಸಿಕೊಳ್ಳಿ. ಊಟದ ಬಳಿಕ ಅಡುಗೆಮನೆಯನ್ನೂ ವೈನ್ ಭಂಡಾರವನ್ನೂ ತೋರಿಸುತ್ತಾರೆ. ವೇಟರ್ ಬಳಿ ಮೊದಲೇ ಹೇಳಿಡಿ.

ವೈನ್ ಬಗ್ಗೆ ನನಗಿಂತ ಬಲ್ಲವರು ಇಲ್ಲಿದ್ದಾರೆ, ಅವರು ಬರೆಯಲಿ.

ಅಘನಾಶಿನಿ, ಕುಮಟಾ (ಈಗ ಬೆಂಗಳೂರು)

ಬೆಂಗಳೂರಿನ ಹೋಟೆಲೊಂದರಲ್ಲಿ ವೈನ್ ವಿಭಾಗವನ್ನು ನೋಡಿಕೊಳ್ಳುವುದು ನನ್ನ ವೃತ್ತಿ. ಕಾಳಿತೀರ ಅವರ ಪ್ರಶ್ನೆ ಓದಿ ಬಹಳ ಸಂತೋಷವಾಯಿತು, ಏಕೆಂದರೆ ಬರ್ನ್ಸ್‌ನಂಥ ಜಾಗಕ್ಕೆ ಹೋಗುವವರಲ್ಲಿ ಎಷ್ಟೋ ಮಂದಿ ಎಲ್ಲ ಕಡೆಯೂ ಸಿಗುವ ಹೊಸ ವೈನನ್ನೇ ಕುಡಿದು ಬರುತ್ತಾರೆ. ಹಳೆಯ ವೈನ್ ಕೇಳಬೇಕೆಂಬ ನಿಮ್ಮ ಆಸೆ ಸರಿಯಾದ ಆಸೆ. ನನ್ನ ಸಲಹೆಯ ತಿರುಳು ಇಷ್ಟೇ: ಅಲ್ಲಿ ಪ್ರಸಿದ್ಧ ಹೆಸರಿಗೆ ಹಣ ಕೊಡಬೇಡಿ, ವಯಸ್ಸಿಗೆ ಕೊಡಿ.

ಫ್ರಾನ್ಸಿನ ಬಾರ್ಡೊ ಪ್ರದೇಶದ ಹೆಸರಾಂತ ವೈನುಗಳು, ಅಂದರೆ 1855ರ ವರ್ಗೀಕರಣದಲ್ಲಿ ಮೊದಲ ದರ್ಜೆ ಪಡೆದ ಲಫೀತ್, ಲಾತೂರ್, ಮಾರ್ಗೋ, ಓ-ಬ್ರಿಯೋಂ ಮತ್ತು 1973ರಲ್ಲಿ ಆ ಸಾಲಿಗೆ ಸೇರಿದ ಮೂತೋನ್, ಎಲ್ಲಿ ಕೊಂಡರೂ ದುಬಾರಿಯೇ. ಆದರೆ ಮೂವತ್ತು, ನಲವತ್ತು ವರ್ಷ ಒಂದೇ ಕಡೆ, ಒಂದೇ ತಂಪಿನಲ್ಲಿ ಮಲಗಿದ ಸಾಧಾರಣ ಹೆಸರಿನ ಒಳ್ಳೆಯ ವೈನ್ ಸಿಗುವ ಜಾಗಗಳು ಪ್ರಪಂಚದಲ್ಲಿ ಬಹಳ ಕಡಿಮೆ. ಹಳೆಯ ಬಾಟಲಿಯ ವಿಷಯದಲ್ಲಿ ದೊಡ್ಡ ಸಂದೇಹ ಇರುವುದು ಅದು ಇಷ್ಟು ವರ್ಷ ಎಲ್ಲಿತ್ತು, ಯಾರ ಕೈ ದಾಟಿತು, ಯಾವ ಬಿಸಿಲು ಕಂಡಿತು ಎಂಬುದರಲ್ಲಿ. ಬರ್ನ್ ಲ್ಯಾಕ್ಸರ್ ದಶಕಗಳ ಕಾಲ ಕೊಂಡು ಕೊಂಡು ಕೂಡಿಟ್ಟ ವ್ಯಕ್ತಿ. ಅವರು 2002ರಲ್ಲಿ ತೀರಿಕೊಂಡರು, ಮಗ ಡೇವಿಡ್ ಮುಂದುವರಿಸಿದರು. ಸಂಗ್ರಹದ ಒಂದು ಪಾಲು ಮಾತ್ರ ಹೋಟೆಲಿನೊಳಗಿದೆ, ಉಳಿದದ್ದು ಹತ್ತಿರದ ಗೋದಾಮಿನಲ್ಲಿ. ವೈನ್ ಸ್ಪೆಕ್ಟೇಟರ್ ಪತ್ರಿಕೆ 1981ರಲ್ಲಿ ಮೊದಲ ಬಾರಿ ಹೋಟೆಲುಗಳ ವೈನ್ ಸಂಗ್ರಹಕ್ಕೆ ಗ್ರ್ಯಾಂಡ್ ಅವಾರ್ಡ್ ಎಂಬ ಪ್ರಶಸ್ತಿ ಕೊಟ್ಟಾಗಲೇ ಈ ಹೋಟೆಲ್ ಆ ಪಟ್ಟಿಯಲ್ಲಿತ್ತು.

ವೈನ್ ಭಂಡಾರವನ್ನು ಸುಮಾರು 12ರಿಂದ 14 ಡಿಗ್ರಿಯಲ್ಲಿ, ಗಾಳಿಯಲ್ಲಿ ಸಾಕಷ್ಟು ತೇವವಿರುವಂತೆ, ಬೆಳಕು ಬೀಳದಂತೆ ಕಾಯುತ್ತಾರೆ. ಕಾರ್ಕ್ ಒಣಗಿ ಕುಗ್ಗಿದರೆ ಗಾಳಿ ನುಗ್ಗುತ್ತದೆಂದು ಬಾಟಲಿಗಳನ್ನು ಮಲಗಿಸಿಡುತ್ತಾರೆ. ಆ ನಿಧಾನದ ಕಾಲದಲ್ಲಿ ಒಳಗೆ ನಡೆಯುವುದೇನೆಂದರೆ, ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬಂದ ಟ್ಯಾನಿನ್ ಅಣುಗಳು ಒಂದಕ್ಕೊಂದು ಬೆಸೆದು ಭಾರವಾಗಿ ತಳಕ್ಕೆ ಇಳಿಯುತ್ತವೆ. ನಮ್ಮ ಶಿರಸಿ, ಸಿದ್ದಾಪುರ ಕಡೆ ಅಡಿಕೆ ಬೇಯಿಸಿದ ಚೊಗರನ್ನು ನಾಲಿಗೆಗೆ ಹಚ್ಚಿದವರಿಗೆ ಟ್ಯಾನಿನ್ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ. ಅಡಿಕೆಯ ಒಗರಿಗೂ ಎಳೆಯ ಕೆಂಪು ವೈನಿನ ಒಗರಿಗೂ ಕಾರಣ ಒಂದೇ ಕುಲದ ವಸ್ತು. ಅದು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆ. ಮಾಂಸ ತಿನ್ನುವಾಗ ಅದರ ಪ್ರೋಟೀನು ಮತ್ತು ಕೊಬ್ಬು ಆ ಒಗರನ್ನು ತಗ್ಗಿಸುವುದರಿಂದಲೇ ಸ್ಟೇಕ್ ಜೊತೆ ಕ್ಯಾಬರ್ನೆ ಸೋವಿನ್ಯೋಂ ಎಂಬ ದ್ರಾಕ್ಷಿಯಿಂದ ಮಾಡಿದಂಥ ಗಡಸು ವೈನ್ ಹೊಂದುತ್ತದೆ. ಹಳೆಯದಾದಂತೆ ಒಗರು ತಾನಾಗಿಯೇ ಇಳಿದು, ಹಸಿ ಹಣ್ಣಿನ ವಾಸನೆಯ ಜಾಗದಲ್ಲಿ ಚರ್ಮ, ಒಣ ಎಲೆ, ಅಣಬೆ, ತಂಬಾಕಿನ ಪರಿಮಳಗಳು ಮೂಡುತ್ತವೆ. ಇದಕ್ಕೆ ಬೇರೆ ದಾರಿಯಿಲ್ಲ, ಕಾಯಲೇಬೇಕು. ನಿಮಗಾಗಿ ಆ ಕಾಯುವಿಕೆಯನ್ನು ಬೇರೊಬ್ಬರು ಆಗಲೇ ಮಾಡಿಟ್ಟಿದ್ದಾರೆ.

ಈಗ 1991ರ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಎಚ್ಚರ ಬೇಕು. ಆ ವರ್ಷ ಏಪ್ರಿಲ್‌ನಲ್ಲಿ ಬಿದ್ದ ಭಾರಿ ಮಂಜಿಗೆ ಬಾರ್ಡೊ ಪ್ರದೇಶದ ಚಿಗುರೆಲ್ಲ ಕರಕಲಾಗಿ ಫಸಲು ಹಾಳಾಯಿತು. ಆದ್ದರಿಂದ ಎಷ್ಟೇ ದೊಡ್ಡ ಹೆಸರಿದ್ದರೂ 1991ರ ಬಾರ್ಡೊ ಕೇಳಬೇಡಿ. ಅದೇ ವರ್ಷ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಗೆ ತಂಪಾದ, ದೀರ್ಘವಾದ ಬೆಳೆಗಾಲ ಸಿಕ್ಕಿ ಅಲ್ಲಿಯ ಕ್ಯಾಬರ್ನೆಗಳು ಬಹುಕಾಲ ಬಾಳುವಂತೆ ಬಂದವು. ಫ್ರಾನ್ಸಿನಲ್ಲೇ ರೋನ್ ನದಿಯ ಉತ್ತರ ಭಾಗದಲ್ಲಿ, ಮುಖ್ಯವಾಗಿ ಕೋತ್ ರೋತಿಯಲ್ಲಿ, 1991 ಒಳ್ಳೆಯ ವರ್ಷ. ಪೋರ್ಚುಗಲ್ಲಿನ ಪೋರ್ಟ್ ತಯಾರಕರಲ್ಲೂ ಹಲವರು ಅದನ್ನು ವಿಂಟೇಜ್ ವರ್ಷವೆಂದು, ಅಂದರೆ ಆ ವರ್ಷದ ಹೆಸರಿನಲ್ಲೇ ಬಾಟಲಿ ಮಾಡುವಷ್ಟು ಒಳ್ಳೆಯ ಫಸಲೆಂದು, ಘೋಷಿಸಿದ್ದರು. ಸ್ಟ್ರಿಪ್ ಸರ್ಲಾಯಿನ್ ಜೊತೆಗೆ ನನ್ನ ಮೊದಲ ಆಯ್ಕೆ 1991ರ ನಾಪಾ ಕ್ಯಾಬರ್ನೆ. ನಾಪಾ ಎಂದೊಡನೆ ಕೀಳೆಂದು ಭಾವಿಸುವವರಿದ್ದಾರೆ. ಆದರೆ 1976ರ ಮೇ 24ರಂದು ಪ್ಯಾರಿಸಿನಲ್ಲಿ ಹೆಸರು ಮುಚ್ಚಿಟ್ಟು ನಡೆಸಿದ ರುಚಿಪರೀಕ್ಷೆಯಲ್ಲಿ ಫ್ರೆಂಚ್ ತೀರ್ಪುಗಾರರೇ ನಾಪಾದ 1973ರ ಕ್ಯಾಬರ್ನೆಯೊಂದಕ್ಕೆ ಮೊದಲ ಸ್ಥಾನ ಕೊಟ್ಟಿದ್ದರು.

ಅಲ್ಲಿ ಹೋಗಿ ವೈನ್ ಪಟ್ಟಿಯನ್ನು ಓದಿ ಮುಗಿಸುವ ಪ್ರಯತ್ನ ಮಾಡಬೇಡಿ, ಅದು ಒಂದು ಸಂಜೆಗೆ ಮುಗಿಯುವ ಕೆಲಸವಲ್ಲ. ಒಂದೆರಡು ವಾರ ಮೊದಲೇ ಅಳಿಯನಿಂದ ಹೋಟೆಲಿಗೆ ಬರೆಸಿ: ಊಟದ ದಿನ, 1991ರ ನಾಪಾ ಕ್ಯಾಬರ್ನೆ, ಬಾಟಲಿಗೆ ಇಷ್ಟು ಡಾಲರಿನೊಳಗೆ. ಮೊತ್ತವನ್ನು ಸ್ಪಷ್ಟವಾಗಿ ಹೇಳಿದರೆ ಸೊಮೆಲಿಯೆಗೂ, ಅಂದರೆ ಹೋಟೆಲಿನ ವೈನ್ ತಜ್ಞರಿಗೂ, ಸುಲಭ, ನಿಮಗೂ ನೆಮ್ಮದಿ. ಗೋದಾಮಿನಿಂದ ತರಿಸುವ ಬಾಟಲಿಯಾದರೆ ತಳದ ಗಸಿ ಕೂರಲು ಅದನ್ನು ಮುಂಚಿತವಾಗಿ ನೆಟ್ಟಗೆ ನಿಲ್ಲಿಸಿಡಬೇಕಾಗುತ್ತದೆ, ಅದಕ್ಕೂ ಈ ಪತ್ರ ನೆರವಾಗುತ್ತದೆ.

ಬಾಟಲಿ ಟೇಬಲ್ಲಿಗೆ ಬಂದಾಗ ಲೇಬಲ್ಲಿನ ಮೇಲೆ 1991 ಇದೆಯೇ ಎಂದು ನೋಡಿ ತಲೆಯಾಡಿಸಿ. ಹಳೆಯ ಕಾರ್ಕ್ ಪುಡಿಯಾಗುವುದು ಸಾಮಾನ್ಯ, ಗಾಬರಿ ಬೇಡ. ಆಮೇಲೆ ದೀಪವೊಂದನ್ನು ಬಾಟಲಿಯ ಕತ್ತಿನ ಹಿಂದೆ ಹಿಡಿದು ನಿಧಾನವಾಗಿ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಬಗ್ಗಿಸುತ್ತಾರೆ. ಗಸಿಯ ಕಪ್ಪು ಗೆರೆ ಕತ್ತಿನತ್ತ ಬರುವುದು ಕಂಡ ಕೂಡಲೇ ನಿಲ್ಲಿಸುತ್ತಾರೆ. ಇದನ್ನು ಹತ್ತಿರದಿಂದ ನೋಡಿ, ನೋಡುವಂಥದ್ದು. ಮೊದಲು ನಿಮಗೆ ಒಂದು ಗುಟುಕು ಹಾಕಿಕೊಡುವುದು ವೈನ್ ಕೆಟ್ಟಿದೆಯೇ ಎಂದು ಪರೀಕ್ಷಿಸಲು ಮಾತ್ರ. ನೆನೆದ ರಟ್ಟಿನ ಮುಗ್ಗಲು ವಾಸನೆ ಬಂದರೆ ಕಾರ್ಕಿನ ದೋಷವಿದೆ ಎಂದರ್ಥ, ಹೇಳಿದರೆ ಬೇರೆ ಬಾಟಲಿ ಕೊಡುತ್ತಾರೆ. ವಾಸನೆ ಶುದ್ಧವಾಗಿದ್ದರೆ ಕೂಡಲೇ ಕುಡಿಯಲು ಆರಂಭಿಸಿ, ಆದರೆ ಅವಸರ ಮಾಡಬೇಡಿ. ಇಷ್ಟು ವಯಸ್ಸಾದ ವೈನಿನ ಪರಿಮಳ ಗ್ಲಾಸಿನಲ್ಲಿ ಕಾಲು ಗಂಟೆಗೊಮ್ಮೆ ಬದಲಾಗುತ್ತ ಹೋಗುತ್ತದೆ, ಕೆಲವೊಮ್ಮೆ ಗಂಟೆಯೊಳಗೆ ಮಂಕಾಗುತ್ತದೆ. ಸೊಪ್ಪಿನ ಸಲಾಡ್ ತಿನ್ನುವಾಗಲೇ ಅದನ್ನು ಮುಗಿಸಿಬಿಡದೆ ಸ್ಟೇಕ್ ಬರುವವರೆಗೆ ಉಳಿಸಿಕೊಳ್ಳಿ.

ಬಾಟಲಿಯ ಬೆಲೆ ಹೆಚ್ಚೆನಿಸಿದರೆ ಚಿಂತೆಯಿಲ್ಲ. ಈ ಹೋಟೆಲಿನಲ್ಲಿ ಗ್ಲಾಸಿನ ಲೆಕ್ಕದಲ್ಲೂ ಬಹಳ ವೈನುಗಳಿವೆ, ಹಳೆಯವೂ ಸೇರಿದಂತೆ. ನಾಲ್ವರು ನಾಲ್ಕು ಬಗೆಯದನ್ನು ತರಿಸಿ ಕೈಬದಲಾಯಿಸಿ ರುಚಿ ನೋಡಬಹುದು.

ಊಟದ ನಂತರ ಮೇಲಿನ ಮಹಡಿಗೆ ಹೋಗುವುದನ್ನು ಖಂಡಿತ ಬಿಡಬೇಡಿ. 1985ರಲ್ಲಿ ಆರಂಭವಾದ ಹ್ಯಾರಿ ವಾ ಡೆಸರ್ಟ್ ರೂಮ್ ಅಲ್ಲಿದೆ. ಬ್ರಿಟಿಷ್ ವೈನ್ ತಜ್ಞರೊಬ್ಬರ ಹೆಸರದು. ರೆಡ್‌ವುಡ್ ಮರದ ಹಳೆಯ ವೈನ್ ಪೀಪಾಯಿಗಳನ್ನೇ ಬಳಸಿ ಕಟ್ಟಿದ ಪುಟ್ಟ ಪುಟ್ಟ ಕೋಣೆಗಳಲ್ಲಿ ಕುಟುಂಬವೊಂದೇ ಕೂತು ಸಿಹಿ ತಿನ್ನಬಹುದು. ನೀವು 1991ರ ಪೋರ್ಟ್ ಕೇಳಬೇಕಾದ ಜಾಗ ಇದು. ನಿಜವಾದ ಪೋರ್ಟ್ ಬರುವುದು ಪೋರ್ಚುಗಲ್ಲಿನ ದೌರೊ ಕಣಿವೆಯಿಂದ. ಹುದುಗುವಿಕೆಯ ನಡುವೆ ದ್ರಾಕ್ಷಿಯ ಸ್ಪಿರಿಟ್ ಸೇರಿಸಿ ನಿಲ್ಲಿಸುವುದರಿಂದ ಹಣ್ಣಿನ ಸಿಹಿ ಹಾಗೇ ಉಳಿದು, ಮದ್ಯಾಂಶ ಶೇಕಡಾ 20ರ ಹತ್ತಿರವಿರುತ್ತದೆ.

ಅದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ ಹಳೆಯ ಮದೀರಾ ಒಂದು ಗ್ಲಾಸ್ ಕೇಳಿ ಎನ್ನುತ್ತೇನೆ. ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಪೀಪಾಯಿಗಳಲ್ಲಿ ಹಡಗೇರಿ, ಭೂಮಧ್ಯರೇಖೆಯ ಸೆಕೆಯಲ್ಲಿ ಕುದಿದು, ನಮ್ಮ ಈ ಸಮುದ್ರದವರೆಗೆ ಬಂದು ಮರಳಿದ ವೈನ್ ಕೆಡುವ ಬದಲು ಇನ್ನಷ್ಟು ರುಚಿಯಾದದ್ದನ್ನು ಪೋರ್ಚುಗೀಸರು ಗಮನಿಸಿದರು. ಆಮೇಲೆ ದ್ವೀಪದಲ್ಲೇ ಬಿಸಿ ಕೊಟ್ಟು ತಯಾರಿಸತೊಡಗಿದರು. ಅದರ ಬಗೆಗಳಲ್ಲಿ ಸೆರ್ಸಿಯಲ್‌ಗೆ ಸಿಹಿ ತೀರಾ ಕಡಿಮೆ, ವೆರ್ದೆಲ್ಯೊ, ಬುವಾಲ್ ನಡುವಿನವು, ಮಾಮ್ಸಿ ಅತಿ ಸಿಹಿ. ಬಿಸಿ ಮತ್ತು ಗಾಳಿ ಎರಡನ್ನೂ ಆಗಲೇ ಉಂಡ ವೈನಾದ್ದರಿಂದ ನೂರು ವರ್ಷ ದಾಟಿದರೂ ಜೀವಂತವಾಗಿರುತ್ತದೆ, ತೆರೆದ ಬಾಟಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಹಾಗಾಗಿಯೇ ಗ್ಲಾಸಿನ ಲೆಕ್ಕದಲ್ಲಿ ಮಾರಲು ಸಾಧ್ಯವಾಗುತ್ತದೆ. ಗೋವಾದ ಗಡಿಯಲ್ಲಿ ಬೆಳೆದ ನಿಮಗೆ ಇದು ಹತ್ತಿರದ್ದೆನಿಸಬಹುದು.

ಹೊರಡುವ ಮೊದಲು ಮನೆಯಲ್ಲೇ ನಾಲಿಗೆಯನ್ನು ಸ್ವಲ್ಪ ಪಳಗಿಸಿಕೊಳ್ಳಿ. ನಂದಿಬೆಟ್ಟದ ತಪ್ಪಲಿನಲ್ಲಿ ತಯಾರಾಗುವ ಗ್ರೋವರ್‌ನ ಲಾ ರಿಸರ್ವ್, ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳ ಮಿಶ್ರಣ, ಇದಕ್ಕೆ ಒಳ್ಳೆಯ ಪಾಠ. ಕಾರವಾರದ ಸೆಕೆಯಲ್ಲಿ ಕೋಣೆಯ ಬಿಸಿಗೆ ಕುಡಿಯದೆ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ಕುಡಿಯಿರಿ.

ಸಹ್ಯಾದ್ರಿ, ಶಿರಸಿ

ಎರಡೂ ಉತ್ತರಗಳು ಬಹಳ ಚೆನ್ನಾಗಿವೆ. ಕಾಳಿತೀರ ಅವರು ಎಲ್ಲಕ್ಕಿಂತ ಮುಖ್ಯವೆಂದು ಹೇಳಿದ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ನಾನೂ ಸಸ್ಯಾಹಾರಿ. ಉದ್ಯೋಗದ ನಿಮಿತ್ತ ಅಮೆರಿಕದಲ್ಲಿದ್ದಾಗ ಸಹೋದ್ಯೋಗಿಗಳ ಜೊತೆ ಸ್ಟೇಕ್ ಹೌಸ್‌ಗಳಿಗೆ ಹೋಗಬೇಕಾಗುತ್ತಿತ್ತು, ಆದ್ದರಿಂದ ಅಲ್ಲಿ ಯಾವುದರಲ್ಲಿ ಏನಿರುತ್ತದೆಂಬುದನ್ನು ಕೇಳಿ ತಿಳಿದುಕೊಂಡಿದ್ದೇನೆ.

ಬರ್ನ್ಸ್‌ನಲ್ಲಿ ಸ್ಟೇಕ್ ಜೊತೆಗೆ ಫ್ರೆಂಚ್ ಈರುಳ್ಳಿ ಸೂಪ್, ಸಲಾಡ್, ಇಡಿಯಾಗಿ ಬೇಯಿಸಿದ ಆಲೂಗಡ್ಡೆ, ಗರಿಗರಿ ಈರುಳ್ಳಿ, ತರಕಾರಿ ಎಲ್ಲವೂ ಬರುತ್ತವೆ. ಪಟ್ಟಿ ಕೇಳಿದರೆ ಸಸ್ಯಾಹಾರಿಗೆ ಇದೇ ಸಾಕಲ್ಲ ಎನಿಸುತ್ತದೆ. ಆದರೆ ಫ್ರೆಂಚ್ ಈರುಳ್ಳಿ ಸೂಪನ್ನು ಸಾಂಪ್ರದಾಯಿಕವಾಗಿ ದನದ ಮೂಳೆ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ, ನೋಡಿದರೆ ಗೊತ್ತಾಗುವುದಿಲ್ಲ. ಸೀಸರ್ ಸಲಾಡಿನಲ್ಲಿ ಆಂಚೊವಿ ಮೀನು ಅರೆದಿರುತ್ತದೆ, ವೂಸ್ಟರ್‌ಶೈರ್ ಸಾಸಿನಲ್ಲೂ ಅದೇ ಮೀನು. ಆಲೂಗಡ್ಡೆಯ ಮೇಲೆ ಹಂದಿಮಾಂಸದ ಚೂರು ಉದುರಿಸುವ ರೂಢಿಯಿದೆ. ಕರಿದ ಈರುಳ್ಳಿಗೆ ಯಾವ ಎಣ್ಣೆ, ಅದೇ ಬಾಣಲೆಯಲ್ಲಿ ಮಾಂಸವನ್ನೂ ಕರಿಯುತ್ತಾರೆಯೇ ಎಂದು ಕೇಳಬೇಕು. ಪಾರ್ಮೆಸಾನ್ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಗೊಳಿಸುವ ರೆನೆಟ್ ಬಳಸಿ ಮಾಡುತ್ತಾರೆ. ನಡುಗುವ ಬಗೆಯ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಭಾಗ, ಹಾಲಿನ ಪ್ರೋಟೀನು, ಕೆಲವೊಮ್ಮೆ ಮೀನಿನ ಗಾಳಿಚೀಲದಿಂದ ತೆಗೆದ ವಸ್ತು ಬಳಸುವುದುಂಟು. ಅದು ಗಸಿಯೊಡನೆ ತಳಕ್ಕಿಳಿದು ಬೇರ್ಪಡುತ್ತದೆ, ಆದರೂ ನಿಮ್ಮ ಪತ್ನಿಗೆ ಇದು ತಿಳಿದಿರಲಿ, ತೀರ್ಮಾನ ಅವರದ್ದಾಗಲಿ.

ಇದನ್ನೆಲ್ಲ ಟೇಬಲ್ಲಿನಲ್ಲಿ ಕೂತು ಒಂದೊಂದಾಗಿ ವಿಚಾರಿಸುವುದು ನಮ್ಮಂಥವರಿಗೆ ಬಹಳ ಮುಜುಗರದ ಕೆಲಸ. ಎಲ್ಲರೂ ಕಾಯುತ್ತಿರುತ್ತಾರೆ, ಕೊನೆಗೆ ಏನೂ ಬೇಡವೆಂದು ಹೇಳಿ ಸುಮ್ಮನಾಗುತ್ತೇವೆ. ಆದ್ದರಿಂದ ವೈನಿಗಾಗಿ ಬರೆಯುವ ಪತ್ರದಲ್ಲೇ ಇದನ್ನೂ ಬರೆಯಿರಿ: ಮಾಂಸ, ಮೀನು, ಕೋಳಿ ಇಲ್ಲ, ಅವುಗಳ ಸಾರೂ ಇಲ್ಲ, ಹಾಲು ಬೆಣ್ಣೆ ಆಗುತ್ತದೆ. ಬರೀ ವೆಜಿಟೇರಿಯನ್ ಎಂದರೆ ಸಾರಿನ ಪ್ರಶ್ನೆ ಅವರಿಗೆ ಹೊಳೆಯದಿರಬಹುದು. ನಿಮ್ಮ ಪತ್ನಿಗೊಂದು ಪೂರ್ಣ ಊಟ ಏರ್ಪಡಿಸಲು ಸಾಧ್ಯವೇ ಎಂದು ಕೇಳಿ. ಬರ್ನ್ ಲ್ಯಾಕ್ಸರ್ ತಮ್ಮ ಹೋಟೆಲಿಗಾಗಿ ಸ್ವಂತ ತೋಟದಲ್ಲಿ ಸಾವಯವ ತರಕಾರಿ ಬೆಳೆಸಿದವರು, ತರಕಾರಿಯನ್ನು ಅಲಕ್ಷಿಸುವ ಅಡುಗೆಮನೆ ಅದಲ್ಲ. ಬೆಣ್ಣೆಯಲ್ಲಿ ಹುರಿದ ಅಣಬೆ ಸಿಕ್ಕರೆ ತರಿಸಿ. ಮೇಲೆ ಅಘನಾಶಿನಿ ಅವರು ಹಳೆಯ ವೈನಿನಲ್ಲಿ ಮೂಡುತ್ತದೆಂದು ಹೇಳಿದ ಅಣಬೆಯ ಪರಿಮಳಕ್ಕೆ ಅದು ಸ್ಟೇಕ್‌ಗಿಂತಲೂ ಚೆನ್ನಾಗಿ ಹೊಂದುತ್ತದೆ ಎಂಬುದು ನನ್ನ ಅನುಭವ. ಆ 1991ರ ಬಾಟಲಿಯ ಮೊದಲ ಗ್ಲಾಸ್ ನಿಮ್ಮ ಪತ್ನಿಗೇ ಹೋಗಲಿ.

ಡೆಸರ್ಟ್ ರೂಮಿನಲ್ಲಿ ಜೆಲಟಿನ್ ಬಿಟ್ಟರೆ ಬೇರೆ ಅಡ್ಡಿ ಇರಲಾರದು. ಅಲ್ಲಿಯ ಮೆಕಡೇಮಿಯಾ ಐಸ್‌ಕ್ರೀಮಿಗೆ ದೊಡ್ಡ ಹೆಸರಿದೆ. ಆ ದಿನ ಹೊಟ್ಟೆಯಲ್ಲಿ ಅದಕ್ಕೆಂದೇ ಜಾಗ ಉಳಿಸಿಕೊಳ್ಳಲು ಹೇಳಿ.

ಕಾಳಿತೀರ, ಕಾರವಾರ

ಮೂವರಿಗೂ ಹೃತ್ಪೂರ್ವಕ ವಂದನ. ಪತ್ನಿ ಎಲ್ಲವನ್ನೂ ಓದಿದಳು. ಸೂಪಿನ ವಿಷಯ ಅವಳಿಗೂ ಹೊಸದು. ಮೀನಿನ ಗಾಳಿಚೀಲದ ಸಂಗತಿಯನ್ನು ತಿಳಿದ ಮೇಲೂ ಒಂದೆರಡು ಗುಟುಕಿಗೆ ಅಭ್ಯಂತರವಿಲ್ಲವೆಂದಿದ್ದಾಳೆ. ಇಂದೇ ಅಳಿಯನಿಗೆ ಪತ್ರದ ಒಕ್ಕಣೆ ಬರೆದು ಕಳಿಸುತ್ತೇನೆ.

ಇನ್ನೆರಡು ಸಣ್ಣ ಸಂದೇಹಗಳಿವೆ. ನಾಲ್ವರಲ್ಲಿ ಒಬ್ಬಳು ಎರಡು ಗುಟುಕಿನವಳು, ಒಬ್ಬರು ಕಾರು ಓಡಿಸಬೇಕು. ಬಾಟಲಿ ಮುಗಿಯದಿದ್ದರೆ ಬಿಟ್ಟು ಬರಬೇಕೇ? ಇನ್ನೊಂದು, 1991ರದೇ ಎರಡನೆಯ ಬಾಟಲಿಯನ್ನು ಅಲ್ಲೆಲ್ಲಾದರೂ ಕೊಂಡು ಕಾರವಾರಕ್ಕೆ ತಂದಿಟ್ಟುಕೊಳ್ಳಬಹುದೇ?

ಅಘನಾಶಿನಿ, ಕುಮಟಾ (ಈಗ ಬೆಂಗಳೂರು)

ಬಿಟ್ಟು ಬರಬೇಕಾಗಿಲ್ಲ. ಊಟದ ಜೊತೆ ಕೊಂಡ ಒಂದು ಬಾಟಲಿಯಲ್ಲಿ ಉಳಿದದ್ದನ್ನು ಹೋಟೆಲಿನವರೇ ಮತ್ತೆ ಕಾರ್ಕ್ ಹಾಕಿ, ಚೀಲದಲ್ಲಿ ಮುಚ್ಚಿ, ರಸೀದಿಯೊಡನೆ ಕೊಡಲು ಫ್ಲಾರಿಡಾದ ಕಾನೂನಿನಲ್ಲಿ ಅವಕಾಶವಿದೆ. ಕಾರಿನಲ್ಲಿ ಅದನ್ನು ಡಿಕ್ಕಿಯಲ್ಲಿಡಿ. ಆದರೆ ಅಷ್ಟು ಹಳೆಯ ವೈನ್ ಮರುದಿನಕ್ಕೆ ಸಪ್ಪೆಯಾಗಿರುತ್ತದೆ. ಆದ್ದರಿಂದ ಅರ್ಧ ಬಾಟಲಿಯ ಅಳತೆ, ಅಂದರೆ 375 ಮಿಲಿಲೀಟರಿನದು, ಸಿಗುತ್ತದೆಯೇ ಎಂದು ಅದೇ ಪತ್ರದಲ್ಲಿ ವಿಚಾರಿಸಿ. ಸಿಗದಿದ್ದರೆ ಉಳಿದ ಒಂದು ಗ್ಲಾಸನ್ನು ಸೊಮೆಲಿಯೆಗೆ ಅಥವಾ ವೇಟರಿಗೆ ರುಚಿ ನೋಡಲು ಕೊಡುವುದು ಅಲ್ಲಿ ಸಭ್ಯ ನಡವಳಿಕೆ. ಅವರೂ ಇಂಥ ಬಾಟಲಿಯನ್ನು ದಿನವೂ ಕಾಣುವುದಿಲ್ಲ. ಫ್ಲಾರಿಡಾದಲ್ಲಿ ಚಾಲಕರ ರಕ್ತದ ಮದ್ಯಾಂಶದ ಮಿತಿ ಶೇಕಡಾ 0.08, ನಮ್ಮಲ್ಲಿ 0.03. ಅಲ್ಲಿಯ ಮಿತಿ ಸಡಿಲವೆಂದು ಲೆಕ್ಕ ಹಾಕದೆ ಅಂದು ಟ್ಯಾಕ್ಸಿಯಲ್ಲೇ ಹೋಗಿ ಬನ್ನಿ, ಆಗ ನಾಲ್ವರೂ ಕುಡಿಯಬಹುದು.

ಎರಡನೆಯ ಬಾಟಲಿ ತರುವುದಕ್ಕೆ ಕಸ್ಟಮ್ಸ್ ಅಡ್ಡಿಯಿಲ್ಲ. ತಲಾ ಎರಡು ಲೀಟರಿನವರೆಗೆ ಸುಂಕವಿಲ್ಲದೆ ತರಬಹುದು. ಆದರೂ ಕ್ಯಾಬರ್ನೆಯನ್ನು ತರಬೇಡಿ ಎನ್ನುತ್ತೇನೆ. ವಿಮಾನದ ಕುಲುಕಾಟಕ್ಕೆ ಗಸಿಯೆಲ್ಲ ಕದಡುತ್ತದೆ. ಅದು ತಿಳಿಯಾಗಲು ವಾರಗಟ್ಟಲೆ ಅಲುಗಾಡದೆ ನಿಲ್ಲಬೇಕು, ಅಷ್ಟರಲ್ಲಿ ಕಾರವಾರದ ಮಾರ್ಚ್, ಏಪ್ರಿಲ್ ಸೆಕೆ ಬಂದಿರುತ್ತದೆ. ಮೂವತ್ತು ಡಿಗ್ರಿಯ ಕೋಣೆಯಲ್ಲಿ ಅಂಥ ವೈನ್ ಬೇಗ ಮುದಿಯಾಗಿ ಹುಳಿ ಮಾತ್ರ ಉಳಿಯುತ್ತದೆ. ಸಾಧಾರಣ ಫ್ರಿಜ್ ತೀರಾ ತಂಪು, ತೀರಾ ಒಣ. ತರಲೇಬೇಕೆಂದಿದ್ದರೆ ಮದೀರಾ ತನ್ನಿ, ನಮ್ಮ ಕರಾವಳಿಯ ಬಿಸಿಯನ್ನು ತಾಳಿಕೊಳ್ಳಬಲ್ಲ ವೈನ್ ಅದೊಂದೇ. ಅದನ್ನು ಮಾತ್ರ ಮಲಗಿಸದೆ ನೆಟ್ಟಗೆ ನಿಲ್ಲಿಸಿಡುವುದು ರೂಢಿ.

ಬಿಲ್ಲಿನ ಬಗ್ಗೆ ಅಳಿಯನಿಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಅಮೆರಿಕದಲ್ಲಿ ಶೇಕಡಾ 18ರಿಂದ 20ರಷ್ಟು ಟಿಪ್ ಕೊಡುವುದು ವಾಡಿಕೆ, ವೈನಿನ ಬೆಲೆಯೂ ಅದರ ಲೆಕ್ಕಕ್ಕೆ ಬರುತ್ತದೆ. ಮೇಲೆ ಮಾರಾಟ ತೆರಿಗೆ ಬೇರೆ. ಕೆಲವು ಕಡೆ ಸೇವಾಶುಲ್ಕವನ್ನು ಬಿಲ್ಲಿನಲ್ಲೇ ಸೇರಿಸಿರುತ್ತಾರೆ, ಅದನ್ನು ನೋಡಿಕೊಂಡು ಉಳಿದದ್ದನ್ನು ಕೊಡಲಿ. ಬಾಟಲಿಗೆ ಮೊತ್ತ ನಿಗದಿ ಮಾಡುವಾಗ ಈ ಎರಡನ್ನೂ ಕಳೆದೇ ನಿಗದಿ ಮಾಡಿ, ಪತ್ರದಲ್ಲಿ ಆ ಅಂಕಿಯನ್ನೇ ಬರೆಯಿರಿ.